ಮಡಗಾಸ್ಕರದ ಊಡಿ: ತಾಯತ, ಪಥ್ಯ ಮತ್ತು ರಾಜ್ಯಾಧಿಕಾರ

ಮಡಗಾಸ್ಕರದ ಜನರು ಮೈಮೇಲೆ ಕಟ್ಟಿಕೊಳ್ಳುವ, ಮನೆಯ ಮೂಲೆಯಲ್ಲಿ ತೂಗುಹಾಕುವ, ಗದ್ದೆಯ ಕಾವಲಿಗೆ ಇಡುವ ರಕ್ಷಾವಸ್ತುಗಳಿಗೆಲ್ಲ ಮಲಗಾಸಿ ಭಾಷೆಯಲ್ಲಿ ‘ಊಡಿ’ ಎಂಬ ಒಂದೇ ಹೆಸರಿದೆ. ದ್ವೀಪದ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಡುಮಾತುಗಳಲ್ಲಿ ಅದು ‘ಔಲಿ’ ಆಗುತ್ತದೆ. ಕನ್ನಡದಲ್ಲಿ ಅದನ್ನು ತಾಯತ ಎನ್ನಬಹುದು, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅದರ ಮುಕ್ಕಾಲು ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಊಡಿಯ ಶಕ್ತಿ ಅದರೊಳಗಿನ ಬೇರಿನಲ್ಲೋ ಮಣಿಯಲ್ಲೋ ತಾನಾಗಿ ತುಂಬಿಕೊಂಡಿದೆ ಎಂದು ಅದನ್ನು ನಂಬುವವರು ಭಾವಿಸುವುದಿಲ್ಲ. ಮಾಡಿಕೊಟ್ಟವನ ವಿದ್ಯೆ, ಮಾಡಿದ ದಿನ, ಸೇರಿಸಿದ ಮರಗಳ ಹೆಸರು, ಪೂರ್ವಿಕರ ಆಶೀರ್ವಾದ, ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಧರಿಸಿದವರು ಪಾಲಿಸುವ ನಿಷೇಧಗಳು, ಇಷ್ಟೆಲ್ಲ ಕೂಡಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ತಿಳಿದರೆ, ಇದೇ ತತ್ವದ ಮೇಲೆ ಒಂದು ರಾಜ್ಯ ಹೇಗೆ ನಿಂತಿತ್ತು, 1869ರಲ್ಲಿ ಒಬ್ಬ ರಾಣಿ ತನ್ನ ರಾಜ್ಯದ ರಕ್ಷೆಗಳನ್ನೇ ಏಕೆ ಸುಡಿಸಿದಳು, 1947ರಲ್ಲಿ ಬಂದೂಕಿನೆದುರು ಭರ್ಜಿ ಹಿಡಿದು ನಡೆದವರು ಏನನ್ನು ನೆಚ್ಚಿಕೊಂಡಿದ್ದರು ಎಂಬುದೂ ಅರ್ಥವಾಗುತ್ತದೆ.

ಮೊದಲು ಒಂದು ಊಡಿಯನ್ನು ಹತ್ತಿರದಿಂದ ನೋಡೋಣ. ಪಶ್ಚಿಮ ಕರಾವಳಿಯ ಸಕಲಾವ ಜನರಲ್ಲಿ ಮತ್ತು ದಕ್ಷಿಣದ ಹಲವು ಸಮುದಾಯಗಳಲ್ಲಿ ಹೆಸರಾದದ್ದು ‘ಮುಹಾರಾ’. ಹಿಣಿಲಿರುವ ದನದ ಕೊಂಬಿನ ತುದಿಯನ್ನು ಕತ್ತರಿಸಿ ಅದನ್ನು ಮಾಡುತ್ತಾರೆ. ಪ್ಯಾರಿಸ್ಸಿನ ಕೆ ಬ್ರಾನ್ಲಿ ಸಂಗ್ರಹಾಲಯವೂ ಸೇರಿದಂತೆ ಯುರೋಪಿನ ಸಂಗ್ರಹಾಲಯಗಳಲ್ಲಿ ಮಲಗಾಸಿ ತಾಯತಗಳನ್ನು ಕಾಪಾಡಿಡಲಾಗಿದೆ. ಕೊಂಬಿನ ಬಾಯಿಯ ಸುತ್ತ ಬಿಳಿ, ಕೆಂಪು, ಕಪ್ಪು ಗಾಜಿನ ಪುಟ್ಟ ಮಣಿಗಳನ್ನು ಸಾಲುಸಾಲಾಗಿ ಹೆಣೆದ ಪಟ್ಟಿ ಇರುತ್ತದೆ. ಒಳಗೆ ಜೇನು, ಹರಳೆಣ್ಣೆ ಅಥವಾ ಪ್ರಾಣಿಯ ಕೊಬ್ಬು, ಮಣ್ಣು, ಮರಗಳ ಪುಡಿ ಕಲೆಸಿದ ಕಪ್ಪನೆಯ ಮುದ್ದೆಯನ್ನು ಒತ್ತಿ ತುಂಬಿರುತ್ತಾರೆ. ಅದು ಒಣಗಿ ಮೇಣದಂತೆ ಗಟ್ಟಿಯಾಗುತ್ತದೆ. ಆ ಮುದ್ದೆಯಲ್ಲಿ ಮರದ ಕಡ್ಡಿಗಳು, ಸೂಜಿ, ಮೊಳೆ, ಮೊಸಳೆಯ ಹಲ್ಲು, ಎಷ್ಟೋ ಸಲ ಕಬ್ಬಿಣದ ಒಂದು ಸಣ್ಣ ಕತ್ತರಿ, ಅರ್ಧ ಮುಳುಗಿ ಅರ್ಧ ಹೊರಚಾಚಿಕೊಂಡು ನಿಂತಿರುತ್ತವೆ. ನೋಡಿದರೆ ಸಿಕ್ಕಿದ್ದನ್ನೆಲ್ಲ ತುರುಕಿದಂತೆ ಕಾಣುತ್ತದೆ. ಆದರೆ ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ: ಬರುವ ಕೇಡನ್ನು ಕತ್ತರಿ ಕಡಿಯಬೇಕು, ಮೊಸಳೆಯ ಹಲ್ಲು ಧರಿಸಿದವನಿಗೆ ಅದರ ಬಲವನ್ನು ಕೊಡಬೇಕು, ಜೇನು ಶಕ್ತಿಗಳನ್ನು ಒಲಿಸಿಕೊಂಡು ಒಂದಾಗಿ ಹಿಡಿದಿಡಬೇಕು.

ಎಲ್ಲ ಊಡಿಯೂ ಇಷ್ಟು ಆಡಂಬರದ್ದಲ್ಲ. ದಾರಕ್ಕೆ ಕಟ್ಟಿದ ಎರಡು ಮರದ ಚೂರುಗಳಿರಬಹುದು, ಬಟ್ಟೆಯಲ್ಲಿ ಹೊಲಿದ ಚಿಟಿಕೆ ಮರಳಿರಬಹುದು, ಕೊರಳಿನ ಒಂದು ಮಣಿಯಿರಬಹುದು. ಮಣಿಗಳಿಗೆ ಒಂದೊಂದು ಹೆಸರುಂಟು. ‘ತ್ಸಿಲೆಯುಂದುಜಾ’ ಎಂಬ ಮಣಿಯ ಹೆಸರಿಗೆ ವಿಪತ್ತಿಗೆ ಸೋಲದ್ದು ಎಂಬ ಅರ್ಥವಿದೆ. ಹೆಸರಿಗೂ ಫಲಕ್ಕೂ ಇರುವ ಈ ನಂಟು ಊಡಿ ತಯಾರಿಕೆಯ ಒಂದು ಮೂಲಸೂತ್ರವೇ ಆಗಿದೆ. ಕಾಡಿನಿಂದ ತರುವ ಮರಗಳಲ್ಲಿ ಹಲವನ್ನು ಆರಿಸುವುದು ಅವುಗಳ ಹೆಸರು ಬೇಕಾದ ಫಲವನ್ನು ನುಡಿಯುತ್ತದೆ ಎಂಬ ಕಾರಣಕ್ಕೆ. ‘ಫಮೆಲುನ’ ಎಂಬ ಮರದ ಹೆಸರು ಬದುಕಿಸುವುದನ್ನು ಹೇಳುತ್ತದೆ. ಡ್ರಸೀನಾ ಜಾತಿಯ ಒಂದು ಗಿಡವನ್ನು ‘ಹಾಸಿನ’ ಎಂದೇ ಕರೆಯುತ್ತಾರೆ, ಮತ್ತು ಹಾಸಿನ ಎಂಬುದು ಮಲಗಾಸಿ ಚಿಂತನೆಯ ಅತಿ ತೂಕದ ಮಾತುಗಳಲ್ಲಿ ಒಂದು. ಪೂರ್ವಿಕರಿಂದ ಇಳಿದು ಬರುವ, ರಾಜರಲ್ಲಿ, ಹಿರಿಯರಲ್ಲಿ, ಕೆಲವು ಮರ, ಕಲ್ಲು, ನೀರಿನಲ್ಲಿ ನೆಲೆಸಿ ಬೆಳೆಗೂ ಸಂತಾನಕ್ಕೂ ಕಾರಣವಾಗುವ ಕಣ್ಣಿಗೆ ಕಾಣದ ಶಕ್ತಿಗೆ ಆ ಹೆಸರು. ಈ ಶಕ್ತಿ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಜನರು ರಾಜನಿಗೆ ಒಡೆಯದ ಇಡೀ ಬೆಳ್ಳಿ ನಾಣ್ಯವನ್ನು ಒಪ್ಪಿಸಿ ಹಾಸಿನ ಸಲ್ಲಿಸುತ್ತಿದ್ದರು, ರಾಜ ಪ್ರತಿಯಾಗಿ ಆಶೀರ್ವಾದ ಕೊಡುತ್ತಿದ್ದ. ಊಡಿಗೂ ಹಾಗೆಯೇ ಜೇನು, ಹರಳೆಣ್ಣೆ, ಕೆಲವೆಡೆ ರಮ್ ಸವರಿ, ಹೆಸರು ಹಿಡಿದು ಕರೆದು, ಏನು ಬೇಕೆಂದು ಬಾಯಿಬಿಟ್ಟು ಕೇಳಿಕೊಳ್ಳುತ್ತಾರೆ. ಕೊಡುವುದು ನಿಂತರೆ ಬರುವುದೂ ನಿಲ್ಲುತ್ತದೆ.

ಈ ಊಡಿಯನ್ನು ಮಾಡಿಕೊಡುವವನು ‘ಉಂಬಿಯಾಸಿ’. ಅವನು ವೈದ್ಯ, ಶಕುನಜ್ಞ, ಮುಹೂರ್ತ ಹೇಳುವವನು, ಎಲ್ಲವೂ ಹೌದು. ಅವನು ತನಗೆ ತೋಚಿದ್ದನ್ನು ಕಟ್ಟಿಕೊಡುವುದಿಲ್ಲ; ಯಾವ ಮರ, ಎಷ್ಟು ತುಂಡು, ಯಾವ ದಿನ, ಯಾವ ದಿಕ್ಕಿಗೆ ಮುಖಮಾಡಿ ಎಂಬುದನ್ನು ‘ಸಿಕಿಡಿ’ ಹೇಳಬೇಕು. ಸಿಕಿಡಿ ಎಂಬುದು ಬೀಜಗಳಿಂದ ಶಕುನ ಕೇಳುವ ಪದ್ಧತಿ, ಮತ್ತು ಅದರ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ ಗಣಿತಜ್ಞರು ಅದನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಿದ್ದಾರೆ. ‘ಫಾನು’ ಮರದ ಬೀಜಗಳ ರಾಶಿಯಿಂದ ಒಂದು ಹಿಡಿ ತೆಗೆದು, ಎರಡೆರಡಾಗಿ ತೆಗೆದಿಡುತ್ತ ಹೋದರೆ ಕೊನೆಗೆ ಒಂದೋ ಎರಡೋ ಉಳಿಯುತ್ತದೆ; ಅದನ್ನು ಚಾಪೆಯ ಮೇಲೆ ಇಡಬೇಕು. ಹೀಗೆ ಹದಿನಾರು ಸಲ ಮಾಡಿದಾಗ ನಾಲ್ಕು ಸಾಲು, ನಾಲ್ಕು ಕಂಬಗಳ ಒಂದು ಚೌಕ ಸಿಗುತ್ತದೆ. ಕೈಗೆ ಬಂದ ಹಾಗೆ ಬಂದದ್ದು ಇಷ್ಟೇ. ಮುಂದಿನದೆಲ್ಲ ಕಟ್ಟುನಿಟ್ಟಿನ ಲೆಕ್ಕ: ಚೌಕದ ಒಂದೊಂದು ಕಂಬವೂ ಒಂದು ಆಕೃತಿ, ಅಡ್ಡಡ್ಡ ಓದಿದರೆ ಮತ್ತೆ ನಾಲ್ಕು ಆಕೃತಿ, ಅವುಗಳನ್ನು ಎರಡೆರಡಾಗಿ ಕೂಡಿಸುತ್ತ ಹೋದರೆ ಇನ್ನೂ ಎಂಟು. ಕೂಡಿಸುವ ನಿಯಮ ಸರಳವಾದದ್ದು. ಒಂದಕ್ಕೆ ಒಂದು, ಎರಡಕ್ಕೆ ಎರಡು ಸೇರಿದರೆ ಎರಡು, ಒಂದಕ್ಕೆ ಎರಡು ಸೇರಿದರೆ ಒಂದು. ಮೊದಲ ಚೌಕ 65,536 ರೀತಿಗಳಲ್ಲಿ ಬೀಳಬಹುದು. ಹದಿನಾರು ಆಕೃತಿಗಳೂ ಸಿದ್ಧವಾದ ಮೇಲೆ ಕೆಲವು ಗೊತ್ತಾದ ಮೊತ್ತಗಳು ತಾಳೆಯಾಗಲೇಬೇಕು. ಆಗದಿದ್ದರೆ ಎಲ್ಲೋ ಕೈತಪ್ಪಿದೆ ಎಂದು ಶಕುನಜ್ಞನಿಗೆ ಕೂಡಲೇ ತಿಳಿಯುತ್ತದೆ. ಬರವಣಿಗೆಯ ನೆರವಿಲ್ಲದೆ ಈ ಲೆಕ್ಕವನ್ನೂ, ತಪ್ಪು ಹಿಡಿಯುವ ಪರೀಕ್ಷೆಯನ್ನೂ, ಅಪರೂಪದ ಚೌಕಗಳ ಪಟ್ಟಿಯನ್ನೂ ಬಾಯಿಪಾಠವಾಗಿ ಇಟ್ಟುಕೊಂಡವರನ್ನು ಮೂಢರೆಂದು ತಳ್ಳಿಹಾಕಿದ ವಸಾಹತುಶಾಹಿ ಬರಹಗಾರರು ಆ ಚಾಪೆಯ ಮುಂದೆ ತಾಳ್ಮೆಯಿಂದ ಕೂರಲಿಲ್ಲ ಎಂದೇ ನನಗನಿಸುತ್ತದೆ.

ಸಿಕಿಡಿಯ ಬೇರು ಅರಬ್ಬರ ಮರಳು ಶಕುನದಲ್ಲಿದೆ, ಆಕೃತಿಗಳ ಹೆಸರುಗಳಲ್ಲೂ ಹಲವು ಅರಬ್ಬಿ ಮೂಲದವು. ಮಡಗಾಸ್ಕರದ ಸಂಸ್ಕೃತಿ ಹುಟ್ಟಿದ್ದೇ ಹೀಗೆ ಹಲವು ಕಡೆಯಿಂದ. ಅಲ್ಲಿನ ಭಾಷೆಯ ಹತ್ತಿರದ ನೆಂಟರು ಬೋರ್ನಿಯೊ ದ್ವೀಪದ ಬರಿಟೊ ನದಿಯ ಸೀಮೆಯಲ್ಲಿದ್ದಾರೆ. ಜನರ ರಕ್ತದಲ್ಲಿ ಪೂರ್ವ ಆಫ್ರಿಕಾದ ದೊಡ್ಡ ಪಾಲಿದೆ. ಆಗ್ನೇಯ ಕರಾವಳಿಯ ಮತಿತಾನನ ನದಿಯ ದಡದಲ್ಲಿ ನೆಲೆಸಿದ ಅಂತೈಮುರು ಜನರು ಮಲಗಾಸಿ ಭಾಷೆಯನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ‘ಸುರಾಬೆ’ ಎಂಬ ಹಸ್ತಪ್ರತಿ ಪರಂಪರೆಯನ್ನು ಬೆಳೆಸಿದರು. ಮರದ ತೊಗಟೆಯಿಂದ ಮಾಡಿದ ಕಾಗದದ ಮೇಲೆ ಬರೆದ ಈ ಪ್ರತಿಗಳಲ್ಲಿ ವಂಶಾವಳಿಯ ಜೊತೆಗೆ ಜ್ಯೋತಿಷ್ಯ, ಔಷಧಿ, ರಕ್ಷಾಮಂತ್ರಗಳೂ ಇವೆ. ಅಂತೈಮುರು ಉಂಬಿಯಾಸಿಗಳು ದ್ವೀಪದ ಉದ್ದಗಲಕ್ಕೂ ಸಂಚರಿಸಿ ರಾಜರ ಆಸ್ಥಾನಗಳಲ್ಲಿ ಸಲಹೆಗಾರರಾಗಿದ್ದರು. 1648ರಿಂದ 1655ರವರೆಗೆ ದಕ್ಷಿಣದ ಫೋರ್ ದೋಫಾನ್ ನೆಲೆಯ ಮುಖ್ಯಸ್ಥನಾಗಿದ್ದ ಫ್ರೆಂಚ್ ಅಧಿಕಾರಿ ಎತಿಯೆನ್ ದ ಫ್ಲಾಕೂರ್, ಉಂಬಿಯಾಸಿಗಳ ಬಗ್ಗೆಯೂ ಜನರು ಧರಿಸುತ್ತಿದ್ದ ಔಲಿಗಳ ಬಗ್ಗೆಯೂ ಬರೆದಿಟ್ಟಿದ್ದಾನೆ.

ಸಿಕಿಡಿಯ ಜೊತೆಗೇ ಬರುವುದು ‘ವಿಂತಾನ’, ಅಂದರೆ ಹುಟ್ಟಿದ ಕಾಲದಿಂದ ಬರುವ ವಿಧಿ. ಮಲಗಾಸಿ ಚಾಂದ್ರಮಾಸಗಳ ಹೆಸರುಗಳು ಹನ್ನೆರಡು ರಾಶಿಗಳ ಅರಬ್ಬಿ ಹೆಸರುಗಳೇ. ಮೊದಲ ಮಾಸ ಅಲಹಮಾಡಿ ನಮ್ಮ ಮೇಷಕ್ಕೆ, ಕೊನೆಯ ಅಲುಹುತ್ಸಿ ಮೀನಕ್ಕೆ ಸಮ. ಮಧ್ಯ ಪ್ರಸ್ಥಭೂಮಿಯ ಇಮೆರಿನ ಸೀಮೆಯಲ್ಲಿ ಹಳೆಯ ಮನೆಯ ಗೋಡೆ ಮತ್ತು ಮೂಲೆಗಳನ್ನೂ ಈ ಹನ್ನೆರಡಕ್ಕೆ ಹಂಚಿದ್ದರು. ಅಲಹಮಾಡಿಯ ಈಶಾನ್ಯ ಮೂಲೆ ಪೂರ್ವಿಕರದ್ದು. ಪ್ರಾರ್ಥನೆ ಅಲ್ಲೇ, ಮನೆಯ ಊಡಿಗಳ ಜಾಗವೂ ಅಲ್ಲೇ. ಬಲವಾದ ವಿಂತಾನದಲ್ಲಿ ಹುಟ್ಟಿದ ಮಗು ಹೆತ್ತವರಿಗೂ ಭಾರವಾಗಬಹುದೆಂಬ ಭಯವಿತ್ತು. ಅಂತಹ ವಿಧಿಯನ್ನು ಹದಕ್ಕೆ ತರಲು ಸಿಕಿಡಿ ಮೂರು ದಾರಿ ತೋರಿಸುತ್ತದೆ: ಕೇಡನ್ನು ಒಂದು ವಸ್ತುವಿಗೆ ದಾಟಿಸಿ ಊರಾಚೆ ಎಸೆಯುವುದು, ಬಲಿ ಅಥವಾ ಕಾಣಿಕೆ ಕೊಡುವುದು, ಇಲ್ಲವೇ ಊಡಿ ಕಟ್ಟುವುದು.

ಇಲ್ಲಿಗೆ ನನ್ನ ಪ್ರಕಾರ ಈ ವಿಷಯದ ತಿರುಳಿಗೆ ಬಂದೆವು. ಊಡಿಯನ್ನು ಕೊಡುವಾಗ ಉಂಬಿಯಾಸಿ ಅದರ ‘ಫಾಡಿ’ಗಳನ್ನೂ ಹೇಳುತ್ತಾನೆ. ಫಾಡಿ ಎಂದರೆ ನಿಷೇಧ. ಮಡಗಾಸ್ಕರದಲ್ಲಿ ಕುಲಕ್ಕೆ, ಊರಿಗೆ, ನದಿಗೆ, ವಾರದ ದಿನಕ್ಕೆ ಫಾಡಿಗಳಿವೆ, ಊಡಿಗೂ ಇವೆ. ನಮ್ಮಲ್ಲಿ ನಾಟಿ ವೈದ್ಯರು ಔಷಧಿಯ ಜೊತೆಗೆ ಹೇಳುವ ಪಥ್ಯವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ: ಪಥ್ಯ ಮುರಿದರೆ ಮದ್ದು ಹತ್ತುವುದಿಲ್ಲ. ಹಂದಿಮಾಂಸ, ಈರುಳ್ಳಿ ಬಹಳಷ್ಟು ಊಡಿಗಳ ಫಾಡಿ ಪಟ್ಟಿಯಲ್ಲಿ ಬರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಮೆರಿನದ ಸೈನಿಕರು ಪಾಲಿಸುತ್ತಿದ್ದ ನಿಷೇಧಗಳನ್ನು ಮಿಷನರಿಗಳು ಬರೆದಿಟ್ಟಿದ್ದಾರೆ. ಮೈತುಂಬ ಮುಳ್ಳಿದ್ದು ಹೆದರಿದೊಡನೆ ಉಂಡೆಯಾಗಿ ಮುದುಡಿಕೊಳ್ಳುವ ತೆನ್ರೆಕ್ ಪ್ರಾಣಿಯನ್ನು ಸೈನಿಕ ತಿನ್ನುವಂತಿಲ್ಲ, ತಿಂದರೆ ಅವನೂ ಮುದುಡುತ್ತಾನೆ. ಎತ್ತಿನ ಮೊಣಕಾಲಿನ ಮಾಂಸ ತಿನ್ನುವಂತಿಲ್ಲ, ದಂಡಯಾತ್ರೆಯಲ್ಲಿ ಮಂಡಿ ಸೋಲುತ್ತದೆ. ಕಾಳಗದಲ್ಲಿ ಸತ್ತ ಹುಂಜವನ್ನಾಗಲಿ ಭರ್ಜಿಯಿಂದ ತಿವಿದು ಕೊಂದದ್ದನ್ನಾಗಲಿ ಮುಟ್ಟುವಂತಿಲ್ಲ. ಅವನು ಯುದ್ಧದಲ್ಲಿರುವಷ್ಟು ದಿನ ಅವನ ಮನೆಯಲ್ಲಿ ಗಂಡು ಪ್ರಾಣಿಯನ್ನು ಕೊಲ್ಲುವಂತಿಲ್ಲ. ಕೊನೆಯ ನಿಯಮವನ್ನು ಗಮನಿಸಬೇಕು. ದೂರದ ರಣರಂಗದಲ್ಲಿರುವ ಒಬ್ಬನ ಜೀವ ಊರಿನಲ್ಲಿರುವ ಹೆಂಡತಿ, ತಾಯಿ, ತಮ್ಮಂದಿರ ನಡತೆಗೆ ಗಂಟುಬಿದ್ದಿದೆ. ಒಬ್ಬನು ಧರಿಸಿದ ರಕ್ಷೆ ಇಡೀ ಮನೆಯ ಹೊಣೆಯಾಗುತ್ತದೆ.

ರಕ್ಷೆ ಫಲಿಸದಿದ್ದಾಗ ಏನಾಗುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಫಾಡಿಗಳು ಹಲವಾರು, ಅವುಗಳಲ್ಲಿ ಯಾವುದನ್ನಾದರೂ ಯಾರಾದರೂ ತಿಳಿಯದೆಯೇ ಮುರಿದಿರುವುದು ಯಾವಾಗಲೂ ಸಾಧ್ಯ; ಆದ್ದರಿಂದ ಸೋಲು ಊಡಿಯ ಸುಳ್ಳನ್ನು ತೋರಿಸುವುದಿಲ್ಲ, ಯಾರದೋ ತಪ್ಪನ್ನು ತೋರಿಸುತ್ತದೆ. ಹೊರಗಿನಿಂದ ನೋಡುವವರಿಗೆ ಇದು ತಪ್ಪಿಸಿಕೊಳ್ಳುವ ಉಪಾಯದಂತೆ ತೋರುವುದು ಸಹಜ. ನಾನು ಊಡಿಯ ಶಕ್ತಿಯನ್ನು ಸಾಬೀತಾದ ಸಂಗತಿಯೆಂದು ಹೇಳುತ್ತಿಲ್ಲ. ಆದರೆ ಈ ನಂಬಿಕೆ ಜನರನ್ನು ಪರಸ್ಪರರ ನಡತೆಗೆ ಉತ್ತರ ಹೇಳುವಂತೆ ಮಾಡಿತ್ತು ಎಂಬುದು ಮಾತ್ರ ಖಂಡಿತ.

ಆಲಿಕಲ್ಲಿನ ಊಡಿಯಲ್ಲಿ ಈ ಗುಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಧ್ಯ ಪ್ರಸ್ಥಭೂಮಿಯಲ್ಲಿ ಮಳೆಗಾಲದ ಆಲಿಕಲ್ಲು ತೆನೆ ಕಟ್ಟಿದ ಭತ್ತವನ್ನು ಗಳಿಗೆಯೊಳಗೆ ಮಣ್ಣುಪಾಲು ಮಾಡಬಲ್ಲದು. ಅದನ್ನು ತಡೆಯುವ ‘ಊಡಿ ಹವಂಡ್ರ’ವನ್ನು ಕಾಯುವವನು ಇಡೀ ಊರಿನ ಗದ್ದೆಗಳಿಗೆ ಕಾವಲುಗಾರ, ಬೆಳೆ ನಿಂತಿರುವ ತಿಂಗಳುಗಳಲ್ಲಿ ಅವನು ಹೇಳಿದ ಫಾಡಿಗಳು ಇಡೀ ಊರಿಗೆ ಅನ್ವಯಿಸುತ್ತವೆ. ಮೋಡ ಒಂದು ಹೊಲವನ್ನು ನೋಡಿ ಇನ್ನೊಂದನ್ನು ಬಿಡುವುದಿಲ್ಲವಾದ್ದರಿಂದ ರಕ್ಷೆಯೂ ಒಟ್ಟಾಗಿಯೇ ಬರಬೇಕು. ಒಬ್ಬನ ಕೊರಳಿನ ದಾರದಿಂದ ಊರಿನ ರಕ್ಷೆಗೆ, ಊರಿನ ರಕ್ಷೆಯಿಂದ ರಾಜ್ಯದ ರಕ್ಷೆಗೆ ಹೋಗುವ ಮೆಟ್ಟಿಲು ಇದು.

ರಾಜ್ಯದ ಮಟ್ಟದ ಊಡಿಗೆ ‘ಸಾಂಪಿ’ ಎಂದು ಹೆಸರು. ತಯಾರಿಕೆಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಸಾಂಪಿಯೂ ಮರ, ಮಣಿ, ಬೆಳ್ಳಿ, ಬಟ್ಟೆಯದೇ. ವ್ಯತ್ಯಾಸವಿರುವುದು ಅದು ಯಾರನ್ನು ಕಾಯುತ್ತದೆ ಎಂಬುದರಲ್ಲಿ. ಇಮೆರಿನದ ಪರಂಪರೆಯ ಪ್ರಕಾರ ಸಾಂಪಿಗಳಿಗೆ ರಾಜಮನ್ನಣೆ ಕೊಟ್ಟವನು ಹಳೆಯ ಕಾಲದ ರಾಲಾಂಬು ಎಂಬ ರಾಜ. ಕಲೂಬೆ ಎಂಬ ಹೆಂಗಸು ದಕ್ಷಿಣದ ಕಡೆಯಿಂದ ಒಂದು ರಕ್ಷೆಯನ್ನು ಬಹುದೂರ ಹೊತ್ತು ತಂದು ಅವನಿಗೆ ಒಪ್ಪಿಸಿದಳಂತೆ. ಅದೇ ಮುಂದೆ ಕೆಲಿಮಲಾಜಾ ಎಂದು ಎಲ್ಲಕ್ಕಿಂತ ಪ್ರಸಿದ್ಧವಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಬುಹಿಮಾಂಗ ಗುಡ್ಡದಿಂದ ಆಳಿ ಇಮೆರಿನವನ್ನು ಒಗ್ಗೂಡಿಸಿದ ಆಂಡ್ರಿಯಾನಂಪೊಯಿನಿಮೆರಿನ ರಾಜ ಬೇರೆಬೇರೆ ಊರು, ಕುಲಗಳ ಸಾಂಪಿಗಳನ್ನು ತನ್ನ ಆಸರೆಗೆ ತಂದುಕೊಂಡ. ಪವಿತ್ರ ಗುಡ್ಡಗಳು ಹನ್ನೆರಡು ಎಂಬಂತೆ ರಾಜ್ಯದ ಸಾಂಪಿಗಳೂ ಹನ್ನೆರಡು ಎಂಬ ಎಣಿಕೆ ಬಂತು. ಮಂಜಾಕತ್ಸಿರುವಾ ರಾಜನ ಒಡೆತನವನ್ನು ಕಾಯುತ್ತಿತ್ತು, ಅದರ ಹೆಸರೇ ಇಬ್ಬರು ಆಳುವುದಿಲ್ಲ ಎಂದು ಸಾರುತ್ತದೆ. ರಾಮಹವಾಲಿಗೆ ಔಷಧಿಯ, ಹಾವುಗಳ ನಂಟಿತ್ತು. ಒಂದೊಂದು ಸಾಂಪಿಗೂ ಪಾಲಕರ ಮನೆತನವಿತ್ತು, ಊರಿತ್ತು, ಆ ಊರಿಗೆ ಫಾಡಿಗಳಿದ್ದವು. ಒಂದು ಸೀಮೆಯ ಸಾಂಪಿಯನ್ನು ರಾಜ ಗೌರವಿಸಿದರೆ ಆ ಸೀಮೆ ರಾಜನದಾಗುತ್ತಿತ್ತು. ಹಾಸಿನ ಕೊಟ್ಟು ಪಡೆಯುವ ಅದೇ ವ್ಯವಹಾರ ಇಲ್ಲಿ ರಾಜಕೀಯವಾಗಿ ನಿಂತಿತ್ತು.

ಸಾಂಪಿಯನ್ನು ಜನರು ಕಣ್ಣಾರೆ ನೋಡುತ್ತಿರಲಿಲ್ಲ. ದಂಡಿನ ಜೊತೆಗೆ ಅಥವಾ ಉತ್ಸವಕ್ಕೆ ಹೊರಡುವಾಗ ಬಟ್ಟೆ ಸುತ್ತಿ ಕೋಲಿನ ಮೇಲೆ ಎತ್ತಿ ಹಿಡಿಯುತ್ತಿದ್ದರು. ಪಾಲಕರು ನೀರು ಚಿಮುಕಿಸಿ ಹರಸುತ್ತಿದ್ದರು. 1818ರಿಂದ ಬಂದ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಗಳು ಇದನ್ನು ವಿಗ್ರಹ ಎಂದು ಕರೆದರು, ವಿಗ್ರಹಾರಾಧನೆಯ ವಿರುದ್ಧ ಬೈಬಲಿನಲ್ಲಿರುವುದೆಲ್ಲ ಇದಕ್ಕೂ ಅನ್ವಯಿಸುತ್ತದೆ ಎಂದು ಬೋಧಿಸಿದರು. ಸಾಂಪಿ ಯಾವ ದೇವರ ರೂಪವೂ ಆಗಿರಲಿಲ್ಲ, ಅದರಲ್ಲಿ ಮುಖವಿರಲಿಲ್ಲ, ಕೈಕಾಲಿರಲಿಲ್ಲ. 1835ರಲ್ಲಿ ಮೊದಲನೆಯ ರಾನಾವಲೋನಾ ರಾಣಿ ಕ್ರೈಸ್ತ ಮತವನ್ನು ನಿಷೇಧಿಸಿದಾಗ ಅವಳ ಮುಖ್ಯ ಆಕ್ಷೇಪಗಳಲ್ಲಿ ಒಂದು, ತನ್ನ ಪೂರ್ವಿಕರು ಒಪ್ಪಿಸಿಹೋದ ಸಾಂಪಿಗಳನ್ನು ಮತಾಂತರವಾದವರು ಹೀಗಳೆಯುತ್ತಿದ್ದಾರೆ ಎಂಬುದಾಗಿತ್ತು. ಅವಳ ಪಾಲಿಗೆ ಅದು ರಾಜದ್ರೋಹ. 1837ರಲ್ಲಿ ರಸಲಾಮ ಎಂಬ ಕ್ರೈಸ್ತ ಹೆಂಗಸನ್ನು ಭರ್ಜಿಯಿಂದ ಕೊಲ್ಲಲಾಯಿತು; ನಂತರವೂ ಅನೇಕರು ಪ್ರಾಣ ತೆತ್ತರು. ರಾಣಿಯ ತರ್ಕ ತಿಳಿಯುವುದೆಂದರೆ ಆ ಕ್ರೌರ್ಯವನ್ನು ಒಪ್ಪುವುದೆಂದಲ್ಲ.

1868ರ ಸೆಪ್ಟೆಂಬರಿನಲ್ಲಿ ಎರಡನೆಯ ರಾನಾವಲೋನಾ ಪಟ್ಟವೇರಿದಾಗ ಸಾಂಪಿಗಳು ಸಮಾರಂಭದಲ್ಲಿ ಕಾಣಲಿಲ್ಲ, ಅವಳ ಬಳಿ ಬೈಬಲ್ ಇತ್ತು. 1869ರ ಫೆಬ್ರವರಿ 21ರಂದು ರಾಣಿ ಮತ್ತು ಪ್ರಧಾನಿ ರೈನಿಲೈಯಾರಿವೊನಿ ದೀಕ್ಷಾಸ್ನಾನ ಪಡೆದರು. ಕೆಲಿಮಲಾಜಾದ ಪಾಲಕರಿಗೆ ಹಿಂದಿನಿಂದ ವಿಶೇಷ ಹಕ್ಕುಗಳಿದ್ದವು. ಅವು ಕೈತಪ್ಪುತ್ತಿವೆ ಎಂದು ಕಂಡು ಅವರು ರಾಜಧಾನಿ ಅಂಟನಾನರಿವೊಗೆ ಬಂದು ತಮ್ಮ ಮರ್ಯಾದೆಯನ್ನು ಮರಳಿ ಕೇಳಿದರು, ಸಾಂಪಿಯ ಶಕ್ತಿಯ ಹೆಸರಿನಲ್ಲಿ ಬೆದರಿಕೆಯ ಮಾತನ್ನೂ ಆಡಿದರೆನ್ನಲಾಗಿದೆ. ಅವರು ಊರಿಗೆ ಮರಳುವ ಮೊದಲೇ ರಾಣಿಯ ಅಧಿಕಾರಿಗಳು ಸಾಂಪಿಯಿದ್ದ ಆಂಬುಹಿಮನಂಬುಲಕ್ಕೆ ಧಾವಿಸಿ ಅದನ್ನು ಹೊರತೆಗೆದು ಸುಟ್ಟರು. ಅದು 1869ರ ಸೆಪ್ಟೆಂಬರ್. ಶತಮಾನಗಳ ಕಾಲ ಯಾರೂ ಬಿಚ್ಚಿ ನೋಡದ ಆ ಗಂಟಿನಲ್ಲಿದ್ದದ್ದು ಕೆಂಪು ರೇಷ್ಮೆಯಲ್ಲಿ ಸುತ್ತಿ ಬೆಳ್ಳಿ ಸರಪಳಿ ಕಟ್ಟಿದ ಸಣ್ಣದೊಂದು ಮರದ ಚೂರು. ಇಷ್ಟೇನಾ ಎಂದು ಬೆರಗಾದವರ ಬಗ್ಗೆ ಮಿಷನರಿಗಳು ಸಂತೋಷದಿಂದ ಬರೆದರು. ಆದರೆ ಊಡಿಯ ತರ್ಕವನ್ನು ಬಲ್ಲವರಿಗೆ ಆ ಅಲ್ಪತನದಿಂದ ಏನೂ ಸಾಬೀತಾಗುವುದಿಲ್ಲ. ಸಾಂಪಿಯ ಬಲವಿದ್ದದ್ದು ಅದನ್ನು ಸುತ್ತುವರಿದ ಮನೆತನ, ಊರು, ಫಾಡಿ, ಕಾಣಿಕೆಗಳಲ್ಲಿ, ಮತ್ತು ರಾಣಿ ಆ ದಿನ ನಿಜವಾಗಿ ಕಡಿದುಹಾಕಿದ್ದು ಅದನ್ನೇ. ಪಾಲಕರ ಹಕ್ಕುಗಳು ಹೋದವು. ಮುಂದಿನ ದಿನಗಳಲ್ಲಿ ಇಮೆರಿನದ ಊರೂರಿನಲ್ಲಿ ಸಾಂಪಿಗಳೂ ಮನೆಯ ಊಡಿಗಳೂ ಬೆಂಕಿಗೆ ಬಿದ್ದವು, ಜನರು ಪ್ರಾರ್ಥನಾ ಮಂದಿರಗಳಿಗೆ ಮುಗಿಬಿದ್ದರು. ಬೈಬಲನ್ನು ರಾಣಿಯ ಹೊಸ ಸಾಂಪಿ ಎಂದು ಹಲವರು ಅರ್ಥಮಾಡಿಕೊಂಡದ್ದು ಸಹಜವೇ ಆಗಿತ್ತು.

1895ರ ಸೆಪ್ಟೆಂಬರ್ 30ರಂದು ಫ್ರೆಂಚ್ ಸೇನೆ ರಾಜಧಾನಿಯನ್ನು ಹಿಡಿದಾಗ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಒಂದು ವಿವರಣೆ ಹರಡಿತು: ಪೂರ್ವಿಕರ ರಕ್ಷೆಗಳನ್ನು ಸುಟ್ಟದ್ದಕ್ಕೆ ರಾಜ್ಯ ಹೋಯಿತು. ಕೆಮ್ಮಣ್ಣು ಹಚ್ಚಿದ ಶಾಲು ಹೊದ್ದು ಹೋರಾಡಿದ್ದರಿಂದ ಮೆನಲಂಬ ಎಂದು ಹೆಸರಾದ ದಂಗೆಕೋರರು ಚರ್ಚುಗಳಿಗೆ ಬೆಂಕಿಯಿಟ್ಟರು, ರಾವೊಲೊಲೊನ ಮೊದಲಾದ ಸಾಂಪಿಗಳನ್ನು ಮತ್ತೆ ಎತ್ತಿ ಹಿಡಿದರು. ಫ್ರೆಂಚ್ ಸೇನಾಪತಿ ಜನರಲ್ ಗ್ಯಾಲಿಯೆನಿಯ ಕೈಯಲ್ಲಿ ದಂಗೆ ಅಡಗಿತು, 1897ರಲ್ಲಿ ಕೊನೆಯ ರಾಣಿಯನ್ನು ದೇಶದಿಂದಾಚೆ ಕಳಿಸಲಾಯಿತು.

ಐವತ್ತು ವರ್ಷಗಳ ನಂತರ, 1947ರ ಮಾರ್ಚ್ 29ರ ರಾತ್ರಿ, ಮತ್ತೊಂದು ಬಂಡಾಯ ಮೊರಮಾಂಗದ ಸೇನಾ ನೆಲೆಯ ಮೇಲಿನ ದಾಳಿಯೊಂದಿಗೆ ಭುಗಿಲೆದ್ದು ದ್ವೀಪದ ಪೂರ್ವಭಾಗಕ್ಕೆ ಹಬ್ಬಿತು. ಬಂಡುಗಾರರಲ್ಲಿ ಬಂದೂಕುಗಳು ಕೆಲವೇ, ಹೆಚ್ಚಿನವರ ಕೈಯಲ್ಲಿದ್ದದ್ದು ಭರ್ಜಿ. ಗುಂಡನ್ನು ತಡೆಯುವ ‘ಊಡಿ ಬಾಸಿ’ಯನ್ನು ಅವರು ಧರಿಸಿದ್ದರು, ನೀರು ಎಂಬ ಅರ್ಥದ ‘ರಾನು, ರಾನು’ ಎಂದು ಕೂಗುತ್ತ ಮುನ್ನುಗ್ಗುತ್ತಿದ್ದರು. ಬರುವ ಗುಂಡು ನೀರಾಗಬೇಕೆಂಬುದು ಆ ಕೂಗಿನ ಆಶಯ. ಇದನ್ನು ಅಜ್ಞಾನವೆಂದು ಬರೆದವರು ಬಹಳ. ಆದರೆ ಮಲಗಾಸಿ ಸ್ತ್ರೀಪುರುಷರಿಗೆ ಬಂದೂಕು ಹೊಸದೇನೂ ಅಲ್ಲ, ಅವರ ಸಾವಿರಾರು ಗಂಡಸರು ಎರಡು ಮಹಾಯುದ್ಧಗಳಲ್ಲಿ ಫ್ರೆಂಚ್ ಸೇನೆಯಲ್ಲಿದ್ದು ಬಂದವರು. ಊಡಿ ಅವರನ್ನು ಒಂದು ಆಣೆಗೆ, ಒಂದೇ ಬಗೆಯ ಫಾಡಿಗಳಿಗೆ ಕಟ್ಟಿಹಾಕಿ ಚದುರಿದ ಹಳ್ಳಿಗಳ ಜನರನ್ನು ದಂಡಾಗಿ ಮಾಡಿತು ಎಂಬುದನ್ನು ಮರೆತರೆ, ಕೈಯಲ್ಲಿ ಏನೂ ಇಲ್ಲದವರು ಅಷ್ಟು ಕಾಲ ಹೇಗೆ ಹೋರಾಡಿದರು ಎಂಬುದಕ್ಕೆ ವಿವರಣೆ ಸಿಗುವುದಿಲ್ಲ. ಬಂಡಾಯವನ್ನು ಹತ್ತಿಕ್ಕಿದಾಗ ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರ ಅಂದಾಜುಗಳು ಹತ್ತು ಸಾವಿರದ ಆಸುಪಾಸಿನಿಂದ ಎಂಬತ್ತೊಂಬತ್ತು ಸಾವಿರದವರೆಗೆ ಹರಡಿಕೊಂಡಿವೆ.

ಊಡಿಯ ಇನ್ನೊಂದು ಮುಖವನ್ನು ಹೇಳದೆ ಬಿಡುವುದು ಸರಿಯಲ್ಲ. ಕಾಯುವ ವಿದ್ಯೆಯೇ ಕೆಡುಕಿಗೂ ಬಳಕೆಯಾಗಬಲ್ಲದು ಎಂಬ ಭಯ ಅಲ್ಲಿ ಆಳವಾಗಿದೆ. ಇನ್ನೊಬ್ಬರ ಮನಸ್ಸನ್ನು ಅವರ ಇಚ್ಛೆಗೆ ವಿರುದ್ಧವಾಗಿ ಕಟ್ಟಿಹಾಕುವ ‘ಊಡಿ ಫಿತೀಯ’ ಪ್ರೀತಿಯ ಹೆಸರಿನಲ್ಲಿದ್ದರೂ ಜನ ಅದನ್ನು ಮಾಟವೆಂದೇ ಕಾಣುತ್ತಾರೆ. ದಕ್ಷಿಣದಲ್ಲಿ ಶಸ್ತ್ರ ಹಿಡಿದು ದನಗಳನ್ನು ದೋಚುವ ‘ದಹಾಲು’ ಗುಂಪುಗಳು ಗುಂಡು ತಾಗದ ಊಡಿ ಧರಿಸುತ್ತವೆ ಎಂಬ ಮಾತು ಇವತ್ತಿಗೂ ಸುದ್ದಿಯಲ್ಲಿ ಬರುತ್ತಿರುತ್ತದೆ. ಅವರ ಹೆಸರು ಕೇಳಿದರೇ ಊರುಗಳು ನಡುಗಲು ಅದೂ ಒಂದು ಕಾರಣ. ಇನ್ನೊಂದೆಡೆ ವಾಯವ್ಯ ಭಾಗದ ‘ಮುರೈಂಗಿ’ ಮುಷ್ಟಿಕಾಳಗದ ಪಟುಗಳು ಅಖಾಡಕ್ಕಿಳಿಯುವ ಮುನ್ನ ಊಡಿ ಕಟ್ಟಿಕೊಳ್ಳುವುದು ಆಟದ ಭಾಗವೇ ಆಗಿದೆ.

ಔಷಧಿಗೂ ಊಡಿಗೂ ನಡುವೆ ಗೆರೆ ಎಳೆಯುವುದೂ ಕಷ್ಟ, ಏಕೆಂದರೆ ಮಲಗಾಸಿಯಲ್ಲಿ ಔಷಧಿಗೆ ಇರುವ ‘ಫನಫೂಡಿ’ ಎಂಬ ಮಾತು ಊಡಿಯಿಂದಲೇ ಬಂದದ್ದು, ಆಸ್ಪತ್ರೆಯ ಮಾತ್ರೆಗೂ ಅದೇ ಹೆಸರು. ಅಂಟನಾನರಿವೊದ ಮಾರುಕಟ್ಟೆಗಳಲ್ಲಿ ಕಡಿದ ಮರದ ತುಂಡುಗಳನ್ನೂ ಗಿಡಮೂಲಿಕೆಗಳನ್ನೂ ಗುಡ್ಡೆಹಾಕಿಕೊಂಡು ಕೂತವರಿಂದ ಜ್ವರಕ್ಕೆ ಕಷಾಯದ ಸೊಪ್ಪನ್ನೂ ರಕ್ಷೆಗೆ ಮರದ ಚೂರನ್ನೂ ಒಂದೇ ಕಡೆ ಕೊಳ್ಳಬಹುದು. ಈ ಅರಿವಿನಿಂದ ಹೊರಟ ಸಂಶೋಧನೆ ಕನ್ನಡಿಗರಿಗೂ ಪರಿಚಿತವಾದ ಗಿಡಗಳನ್ನು ಮುಟ್ಟಿದೆ. ಮಲಗಾಸಿ ವಿಜ್ಞಾನಿ ಆಲ್ಬರ್ಟ್ ರಾಕೊತೊ ರತ್ಸಿಮಮಾಂಗ 1957ರಲ್ಲಿ ಅಂಟನಾನರಿವೊದಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆ ನಾಟಿ ಔಷಧಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸಕ್ಕೆ ಹೆಸರಾಗಿದೆ. ಗಾಯ ಮಾಯಿಸುವ ಮಡೆಕಸ್ಸೋಲ್ ಎಂಬ ಔಷಧಿಯ ಮೂಲ ‘ತಲಪೆತ್ರಕ’, ಅಂದರೆ ನಮ್ಮ ಒಂದೆಲಗ. ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪದ ತವರು ಮಡಗಾಸ್ಕರವೇ, ಅದರಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ ಮತ್ತು ವಿನ್‌ಬ್ಲಾಸ್ಟಿನ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಇದರಿಂದ ಕೊಂಬಿನ ಊಡಿಯೂ ವೈದ್ಯಕೀಯವಾಗಿ ಸಾಬೀತಾಯಿತು ಎಂದು ಹೇಳಲಾಗದು. ಉಂಬಿಯಾಸಿಯ ಕಾಡಿನ ತಿಳಿವಳಿಕೆಯಲ್ಲಿ ಪರೀಕ್ಷಿಸಬಹುದಾದ ಭಾಗವೂ ಇದೆ, ಪರೀಕ್ಷೆಗೆ ಸಿಗದ ಭಾಗವೂ ಇದೆ. ಎರಡನ್ನೂ ಅವನು ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದಾನೆ.

ಇಂದು ಮಡಗಾಸ್ಕರದಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದು, ಆದರೂ ಭಾನುವಾರ ಚರ್ಚಿಗೆ ಹೋಗುವ ಮನೆಯಲ್ಲಿ ಊಡಿ ಇರುವುದು ಅಪರೂಪವಲ್ಲ. ಈ ಎರಡರ ಜಗಳ ಅತ್ಯಂತ ತೀವ್ರವಾಗಿ ಕಾಣುವುದು ‘ಫಿಫುಹಾಜನ’ ಎಂಬ ಮಲಗಾಸಿ ಕ್ರೈಸ್ತ ಜಾಗೃತಿ ಚಳವಳಿಯಲ್ಲಿ. 1894ರಲ್ಲಿ ಬೆತ್ಸಿಲೆಯು ಸೀಮೆಯ ಸುವಾತಾನನದಲ್ಲಿ ಅದನ್ನು ಆರಂಭಿಸಿದ ರೈನಿಸುವಾಲಂಬು ಸ್ವತಃ ಸಿಕಿಡಿ ಬಲ್ಲ ಶಕುನಜ್ಞನಾಗಿದ್ದವನು. ಕಾಯಿಲೆಯಿಂದ ನರಳುತ್ತಿದ್ದಾಗ ಕಂಡ ದರ್ಶನವೊಂದರ ನಂತರ ತನ್ನ ಊಡಿಗಳನ್ನೆಲ್ಲ ಎಸೆದು ಉಪದೇಶಕ್ಕೆ ನಿಂತ. ಆ ಚಳವಳಿಯ ಆರೈಕೆ ನೆಲೆಗಳಿಗೆ ‘ತೂಬಿ’ ಎಂದು ಹೆಸರು. ಬಿಳಿಯ ನಿಲುವಂಗಿ ತೊಟ್ಟ ಸೇವಕರು ಅಲ್ಲಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ದುಷ್ಟಶಕ್ತಿಗಳನ್ನು ಗದರಿಸಿ ಓಡಿಸುತ್ತಾರೆ. ಅಲ್ಲಿಗೆ ಬರುವವರು ಮನೆಯ ಊಡಿಗಳನ್ನು ತಂದು ಒಪ್ಪಿಸುತ್ತಾರೆ, ಅವನ್ನು ಸುಡಲಾಗುತ್ತದೆ. ಸುಡುವ ಮುನ್ನ ಪ್ರಾರ್ಥನೆ ನಡೆಯಲೇಬೇಕು, ಹಾಗೆಯೇ ಬರಿಗೈಯಿಂದ ಎಸೆದುಬಿಡುವಂತಿಲ್ಲ. ಏಕೆಂದರೆ ತಂದವರೂ ಸುಡುವವರೂ ಅದರೊಳಗೆ ಶಕ್ತಿಯಿದೆ ಎಂಬುದನ್ನು ಸಂದೇಹಿಸುವುದಿಲ್ಲ, ಆ ಶಕ್ತಿ ಯಾರ ಕಡೆಯದು ಎಂಬುದಷ್ಟೇ ಅವರ ತಕರಾರು.